ಪ್ರವಾಸ ಪ್ರಶ್ನೋತ್ತರ: ಲಡಾಖ್‌ಗೆ ಹೊರಡುವ ಮುನ್ನ

ಕರಾವಳಿಯಲ್ಲಿ ಮಳೆ ಹಿಡಿದು ಕೂರುವ ತಿಂಗಳುಗಳೇ ಲಡಾಖ್ ಪ್ರವಾಸದ ತಿಂಗಳುಗಳೂ ಆಗಿರುವುದರಿಂದ, ಬೇಸಿಗೆ ಮುಗಿಯುತ್ತಾ ಬಂದಂತೆ ಈ ಅಂಕಣಕ್ಕೆ ಆ ಕಡೆಯ ಪ್ರಶ್ನೆಗಳು ಹೆಚ್ಚುತ್ತವೆ. ಉಡುಪಿ ಮತ್ತು ಮಂಗಳೂರಿನ ಸುತ್ತಮುತ್ತಲಿಂದ ಬಂದ ಪತ್ರಗಳಲ್ಲಿ ಕೆಲವನ್ನು ಆಯ್ದು ಇಲ್ಲಿ ಉತ್ತರಿಸಲಾಗಿದೆ.

ಪ್ರಶ್ನೆ: ನಾನು, ನನ್ನ ಪತ್ನಿ, ಹನ್ನೊಂದು ವರ್ಷದ ಮಗಳು ಮತ್ತು ನನ್ನ ತಂದೆ-ತಾಯಿ ಜುಲೈಯಲ್ಲಿ ಲಡಾಖ್‌ಗೆ ಹೊರಟಿದ್ದೇವೆ. ತಂದೆಯವರಿಗೆ 68 ವರ್ಷ. ರಕ್ತದೊತ್ತಡಕ್ಕೆ ಮಾತ್ರೆ ತೆಗೆದುಕೊಳ್ಳುತ್ತಾರೆ, ಆದರೆ ದಿನವೂ ಬೆಳಿಗ್ಗೆ ಮಲ್ಪೆಯ ಕಡಲತಡಿಯಲ್ಲಿ ತಪ್ಪದೆ ನಡೆಯುತ್ತಾರೆ. ಪ್ರವಾಸ ಸಂಸ್ಥೆಯವರು ಕೊಟ್ಟ ಯೋಜನೆ ಹೀಗಿದೆ: ಮೊದಲ ದಿನ ವಿಮಾನದಲ್ಲಿ ಲೇಹ್, ಮಧ್ಯಾಹ್ನ ಶಾಂತಿ ಸ್ತೂಪ ಮತ್ತು ಪೇಟೆ ಸುತ್ತಾಟ, ಎರಡನೆಯ ದಿನ ಖಾರ್ದೂಂಗ್ ಲಾ (‘ಲಾ’ ಎಂದರೆ ಘಾಟಿ) ದಾಟಿ ನುಬ್ರಾ, ಮೂರನೆಯ ದಿನ ಶ್ಯೋಕ್ ಕಣಿವೆಯ ಮೂಲಕ ಪಾಂಗಾಂಗ್ ಸರೋವರ, ರಾತ್ರಿ ಅಲ್ಲಿಯೇ ವಾಸ, ನಾಲ್ಕನೆಯ ದಿನ ಚಾಂಗ್ ಲಾ ದಾಟಿ ಲೇಹ್, ಐದನೆಯ ದಿನ ವಾಪಸು. ಇದು ಸರಿಯಾಗಿದೆಯೇ? ಇನ್ನೊಂದು ಸ್ಥಳವನ್ನು ಇದಕ್ಕೆ ಸೇರಿಸಬಹುದೇ?
(ಓದುಗರು, ಉಡುಪಿ)

ಉತ್ತರ: ಸೇರಿಸುವ ಮಾತು ಹಾಗಿರಲಿ, ಇರುವುದರಲ್ಲಿಯೇ ಒಂದಿಷ್ಟನ್ನು ಕಳೆಯಬೇಕಾಗಿದೆ. ಸಂಸ್ಥೆಯವರು ಆರಿಸಿದ ಸ್ಥಳಗಳೆಲ್ಲ ನೋಡತಕ್ಕವೇ. ನಮ್ಮ ಆಕ್ಷೇಪವಿರುವುದು ನೀವು ಯಾವ ರಾತ್ರಿ ಯಾವ ಎತ್ತರದಲ್ಲಿ ಮಲಗುತ್ತೀರಿ ಎಂಬುದರ ಬಗ್ಗೆ. ಇಂಥ ಸೀಮೆಯ ಪ್ರವಾಸವನ್ನು ಯೋಜಿಸುವಾಗ ಮೊದಲು ರಾತ್ರಿ ತಂಗುವ ಊರುಗಳ ಎತ್ತರವನ್ನು ಒಂದು ಹಾಳೆಯಲ್ಲಿ ಬರೆದುಕೊಂಡು, ಅದು ಒಪ್ಪಿಗೆಯಾದ ಮೇಲೆ ಹಗಲಿನ ಸುತ್ತಾಟವನ್ನು ಅದಕ್ಕೆ ಹೊಂದಿಸಬೇಕು. ನಿಮ್ಮ ಯೋಜನೆಯನ್ನು ಸಿದ್ಧಪಡಿಸಿದವರು ಈ ಕೆಲಸವನ್ನು ತಿರುವುಮುರುವಾಗಿ ಮಾಡಿದ್ದಾರೆ.

ಉಡುಪಿ ಇರುವುದು ಸಮುದ್ರಮಟ್ಟದಲ್ಲಿ. ಕರ್ನಾಟಕದ ಅತಿ ಎತ್ತರದ ಶಿಖರವಾದ ಮುಳ್ಳಯ್ಯನಗಿರಿಯ ತುದಿಯೇ 1,930 ಮೀಟರ್. ಲೇಹ್ ಪಟ್ಟಣವಾದರೋ ಸುಮಾರು 3,500 ಮೀಟರ್ ಎತ್ತರದಲ್ಲಿದೆ, ಮತ್ತು ದಿಲ್ಲಿಯಿಂದ ಹೊರಟ ವಿಮಾನ ಒಂದೂವರೆ ಗಂಟೆಯ ಒಳಗೆ ನಿಮ್ಮನ್ನು ಅಲ್ಲಿ ಇಳಿಸಿಬಿಡುತ್ತದೆ. ಅಲ್ಲಿನ ಗಾಳಿಯಲ್ಲಿಯೂ ಆಮ್ಲಜನಕದ ಪಾಲು ಇಲ್ಲಿನಷ್ಟೇ, ಶೇಕಡ 21. ಆದರೆ ಗಾಳಿಯ ಒತ್ತಡ ಸಮುದ್ರಮಟ್ಟದ ಮೂರರಲ್ಲಿ ಎರಡು ಪಾಲಿನಷ್ಟೇ ಇರುವುದರಿಂದ, ಎಳೆದುಕೊಂಡ ಪ್ರತಿ ಉಸಿರಿನಲ್ಲಿಯೂ ಶ್ವಾಸಕೋಶಕ್ಕೆ ಸಿಗುವ ಆಮ್ಲಜನಕ ಮೂರನೆಯ ಒಂದು ಪಾಲು ಕಡಿಮೆಯಾಗುತ್ತದೆ. ಇದಕ್ಕೆ ದೇಹ ಹೊಂದಿಕೊಳ್ಳುವುದು ನಿಜ. ಉಸಿರಾಟ ಆಳವಾಗುತ್ತದೆ, ಅದರಿಂದ ಏರುಪೇರಾದ ರಕ್ತದ ಆಮ್ಲ-ಕ್ಷಾರ ಸಮತೋಲವನ್ನು ಮೂತ್ರಪಿಂಡಗಳು ನಿಧಾನವಾಗಿ ಸರಿಪಡಿಸುತ್ತವೆ. ಈ ನಿಧಾನಕ್ಕೆ ಬೇಕಾದದ್ದು ದಿನಗಳು, ಗಂಟೆಗಳು ಸಾಲವು.

ಎತ್ತರದ ಕಾಯಿಲೆಯ ಲಕ್ಷಣಗಳು ಸಾಮಾನ್ಯವಾಗಿ ಊರು ತಲುಪಿದ ಆರರಿಂದ ಹನ್ನೆರಡು ಗಂಟೆಗಳ ಮೇಲೆ ಕಾಣಿಸಿಕೊಳ್ಳುತ್ತವೆ. ಹೀಗಾಗಿ ಬೆಳಿಗ್ಗೆ ಬಂದಿಳಿದವರು ಮಧ್ಯಾಹ್ನ ಲವಲವಿಕೆಯಿಂದಲೇ ಇರುತ್ತಾರೆ, ‘ನಮಗೇನೂ ಆಗಲಿಲ್ಲ’ ಎಂದು ಶಾಂತಿ ಸ್ತೂಪದ ಮೆಟ್ಟಿಲು ಹತ್ತುತ್ತಾರೆ. ತಲೆನೋವು, ಹೊಟ್ಟೆ ತೊಳಸುವಿಕೆ, ನಿದ್ದೆಗೇಡು ಇವೆಲ್ಲ ಆ ರಾತ್ರಿ ಬರುತ್ತವೆ. ತಂದೆಯವರ ಮಲ್ಪೆಯ ನಡಿಗೆ ಹೃದಯಕ್ಕೆ ಒಳ್ಳೆಯದು, ಅದನ್ನು ಬಿಡುವುದು ಬೇಡ. ಆದರೆ ದೇಹದಾರ್ಢ್ಯ ಈ ಕಾಯಿಲೆಯನ್ನು ತಡೆಯುವುದಿಲ್ಲ. ವಯಸ್ಸಾದವರಿಗೆ ಇದು ಹೆಚ್ಚು ಎಂಬ ನಂಬಿಕೆಯೂ ಸರಿಯಲ್ಲ. ಅಜ್ಜನಿಗೆ ಏನೂ ಆಗದೆ ಮೊಮ್ಮಗಳು ಮಲಗಿಬಿಡಬಹುದು. ಮಕ್ಕಳು ತಮಗೇನಾಗುತ್ತಿದೆ ಎಂಬುದನ್ನು ಸರಿಯಾಗಿ ಹೇಳಲಾರರು ಎಂಬುದನ್ನೂ ನೆನಪಿಟ್ಟುಕೊಳ್ಳಿ.

ವೈದ್ಯರು ಒಪ್ಪುವ ನಿಯಮ ಸರಳವಾಗಿದೆ. 3,000 ಮೀಟರ್ ದಾಟಿದ ಮೇಲೆ ಮಲಗುವ ಎತ್ತರ ಒಂದು ರಾತ್ರಿಯಿಂದ ಇನ್ನೊಂದು ರಾತ್ರಿಗೆ 500 ಮೀಟರಿಗಿಂತ ಹೆಚ್ಚಬಾರದು, ಮೂರು ನಾಲ್ಕು ದಿನಗಳಿಗೊಮ್ಮೆ ಏರದೆ ಇದ್ದಲ್ಲಿಯೇ ಒಂದು ದಿನ ಇರಬೇಕು. ಹಗಲಿನಲ್ಲಿ ಇನ್ನಷ್ಟು ಎತ್ತರಕ್ಕೆ ಹೋಗಿ ಕೆಳಗಿಳಿದು ಮಲಗಿದರೆ ಅಷ್ಟು ಬಾಧೆಯಿಲ್ಲ. ವಿಮಾನದಲ್ಲಿ ಲೇಹ್‌ಗೆ ಹೋಗುವವರು ಮೊದಲ ದಿನವೇ ಈ ನಿಯಮವನ್ನು ಮುರಿದಿರುತ್ತಾರೆ. ಮುರಿದ ಮೇಲೆ ಎರಡು ದಿನ ಸುಮ್ಮನಿದ್ದು ಆ ಸಾಲವನ್ನು ತೀರಿಸಬೇಕು. ನಿಮ್ಮ ಯೋಜನೆಯಲ್ಲಿ ಸಾಲ ತೀರುವ ಮೊದಲೇ, ಎರಡನೆಯ ದಿನವೇ 5,359 ಮೀಟರ್ ಎತ್ತರದ ಖಾರ್ದೂಂಗ್ ಲಾ ಬರುತ್ತದೆ. (ಘಾಟಿಯ ತುದಿಯ ಫಲಕಗಳಲ್ಲಿ ಇದಕ್ಕಿಂತ ದೊಡ್ಡ ಅಂಕಿ ಕಾಣುತ್ತದೆ, ಫೋಟೊ ತೆಗೆಸಿಕೊಳ್ಳುವುದಕ್ಕೆ ಅಡ್ಡಿಯಿಲ್ಲ.) ಅದನ್ನು ದಾಟಿ 3,100 ಮೀಟರಿನ ನುಬ್ರಾದಲ್ಲಿ ಮಲಗಿದವರು ಮರುರಾತ್ರಿಯೇ ಸುಮಾರು 4,250 ಮೀಟರಿನ ಪಾಂಗಾಂಗ್‌ನಲ್ಲಿ ಮಲಗಬೇಕು. ಒಂದೇ ಹಗಲಿನಲ್ಲಿ ಮಲಗುವ ಎತ್ತರ ಸಾವಿರ ಮೀಟರಿಗೂ ಹೆಚ್ಚು ಏರಿದಂತಾಯಿತು.

ಪಾಂಗಾಂಗ್‌ನ ರಾತ್ರಿಗೆ ಇನ್ನೊಂದು ತೊಡಕೂ ಇದೆ, ಅದನ್ನು ಯಾರೂ ಮೊದಲೇ ಹೇಳುವುದಿಲ್ಲ. ಎತ್ತರದ ಕಾಯಿಲೆ ಉಲ್ಬಣಿಸಿದರೆ ಮಾಡಬೇಕಾದ ಮೊದಲ ಕೆಲಸ ಕೆಳಗಿಳಿಯುವುದು. ಆದರೆ ಪಾಂಗಾಂಗ್‌ನಿಂದ ಲೇಹ್‌ನ ಆಸ್ಪತ್ರೆಗೆ ಬರಬೇಕಾದರೆ 5,300 ಮೀಟರಿಗೂ ಎತ್ತರದ ಚಾಂಗ್ ಲಾವನ್ನು ಮೊದಲು ಹತ್ತಬೇಕು. ಇನ್ನೊಂದು ಕಡೆಗೆ ಶ್ಯೋಕ್ ನದಿಯ ಗುಂಟ ಇಳಿದು ನುಬ್ರಾದ ದಿಸ್ಕಿತ್ ಆಸ್ಪತ್ರೆ ಸೇರಬಹುದಾದರೂ, ನಡುರಾತ್ರಿಯಲ್ಲಿ ಆ ದಾರಿ ಹಿಡಿಯುವುದು ಸುಲಭದ ಮಾತಲ್ಲ. ಇಳಿಯುವುದಕ್ಕೂ ಮೊದಲು ಏರಬೇಕಾದ ಇಂಥ ಜಾಗದಲ್ಲಿ, ಬಂದ ಮೂರನೆಯ ರಾತ್ರಿ ವೃದ್ಧರನ್ನೂ ಮಗುವನ್ನೂ ಮಲಗಿಸುವುದು ವಿವೇಕವಲ್ಲ.

ನಮ್ಮ ಸಲಹೆ ಇದು. ಸಾಧ್ಯವಿದ್ದರೆ ಎಂಟು ಒಂಬತ್ತು ರಾತ್ರಿಗಳನ್ನು ಮೀಸಲಿಡಿ. ವಿಮಾನ ನಿಲ್ದಾಣದಿಂದ ಲೇಹ್ ಪೇಟೆಗೆ ಹೋಗದೆ, ಸಿಂಧೂ ನದಿಯ ಹರಿವಿನ ದಿಕ್ಕಿನಲ್ಲಿ ನೇರವಾಗಿ ಪಶ್ಚಿಮಕ್ಕೆ ಹೊರಟು, ಸುಮಾರು 3,100 ಮೀಟರ್ ಎತ್ತರದ ಆಲ್ಚಿಯಲ್ಲಿ ಮೊದಲೆರಡು ರಾತ್ರಿಗಳನ್ನು ಕಳೆಯಿರಿ. ಎರಡು ಗಂಟೆಯ ಹಾದಿ, ಲೇಹ್‌ಗಿಂತ ಕೆಳಗಿನ ಊರು. ದಾರಿಯಲ್ಲಿ ನಿಮ್ಮು ಬಳಿ ಮಣ್ಣುಬಣ್ಣದ ಝನ್ಸ್ಕಾರ್ ಹಸಿರು ಸಿಂಧುವನ್ನು ಸೇರುವ ಸಂಗಮವನ್ನು ಕಾರಿನಿಂದ ಇಳಿದು ನೋಡಬಹುದು. ಅಲ್ಲೇ ಸಮೀಪದ ‘ಆಯಸ್ಕಾಂತದ ಗುಡ್ಡ’ದಲ್ಲಿ ಚಾಲಕರು ಗಾಡಿ ನಿಲ್ಲಿಸಿ ಅದು ತಾನಾಗಿ ಏರುವುದನ್ನು ತೋರಿಸುತ್ತಾರೆ, ಅದು ಬರಿಯ ಕಣ್ಣಿನ ಭ್ರಮೆ, ಮಗಳಿಗೆ ಹಾಗೆಂದೇ ವಿವರಿಸಿ. ಆಲ್ಚಿಯ ಬೌದ್ಧ ದೇಗುಲ ಸಮುಚ್ಚಯವನ್ನು ಮಾತ್ರ ಅವಸರದಲ್ಲಿ ನೋಡಬೇಡಿ. ಹೊರಗಿನಿಂದ ಸಾಮಾನ್ಯ ಮಣ್ಣಿನ ಕಟ್ಟಡದಂತೆ ಕಾಣುವ ಸುಮ್‌ಚೆಕ್ ಎಂಬ ಮೂರಂತಸ್ತಿನ ಗುಡಿಯ ಒಳಗೆ, ಎರಡಾಳಿಗಿಂತಲೂ ಎತ್ತರದ ಬೋಧಿಸತ್ವ ಮೂರ್ತಿಗಳು ನಿಂತಿವೆ. ಅವುಗಳ ಸೊಂಟದಿಂದ ಇಳಿಬಿದ್ದ ಧೋತ್ರದ ಮೇಲೆ ಅರಮನೆ, ದೇಗುಲ, ಕುದುರೆ ಸವಾರರ ಚಿತ್ರಗಳನ್ನು ಬೆರಳುಗುರಿನಷ್ಟು ಸಣ್ಣದಾಗಿ ಬಿಡಿಸಲಾಗಿದೆ. ಕಾಶ್ಮೀರದ ಕಲಾವಿದರ ಶೈಲಿಯ ಆ ಕೆಲಸಕ್ಕೆ ಎಂಟು ನೂರು ವರ್ಷಗಳಿಗೂ ಹೆಚ್ಚಿನ ವಯಸ್ಸು. ಮೂಡುಬಿದಿರೆಯ ಸಾವಿರ ಕಂಬದ ಬಸದಿಯಲ್ಲಿ ಒಂದೊಂದು ಕಂಬದ ಮುಂದೆ ನಿಲ್ಲುವ ಅಭ್ಯಾಸವಿರುವವರಿಗೆ ಇಲ್ಲಿ ಅರ್ಧ ದಿನ ಸಾಲದು, ಮತ್ತು ನಿಂತು ನೋಡುವ ಈ ಕೆಲಸಕ್ಕೆ ಏದುಸಿರು ಬರುವ ಸಂಭವವೂ ಇಲ್ಲ. ಒಳಗೆ ಫೋಟೊಗೆ ಅವಕಾಶವಿಲ್ಲ. ಒಂದು ಸಣ್ಣ ಟಾರ್ಚ್ ಇದ್ದರೆ ಉಪಕಾರ.

ಆಮೇಲೆ ಎರಡು ರಾತ್ರಿ ಲೇಹ್, ಅನಂತರ ಎರಡು ರಾತ್ರಿ ನುಬ್ರಾ. ನುಬ್ರಾ ಲೇಹ್‌ಗಿಂತ ತಗ್ಗಿನಲ್ಲಿರುವುದರಿಂದ ಅಲ್ಲಿನ ರಾತ್ರಿಗಳಿಗೆ ಭಯವಿಲ್ಲ. ನಡುವಿನ ಘಾಟಿಯ ತುದಿಯಲ್ಲಿ ಕಾಲು ಗಂಟೆಗಿಂತ ಹೆಚ್ಚು ನಿಲ್ಲದಿದ್ದರೆ ಆಯಿತು. ಹುಂಡರ್‌ನ ಮರಳ ದಿಬ್ಬಗಳ ಮೇಲೆ ಎರಡು ಡುಬ್ಬದ ಒಂಟೆಯ ಸವಾರಿಗೆ ಮಗಳು ಹಟ ಹಿಡಿಯುತ್ತಾಳೆ, ಹಿಡಿಯಲಿ. ಆದರೆ ಎರಡನೆಯ ದಿನವನ್ನು ತುರ್ತುಕ್‌ಗೆ ಕೊಡಿ. 1971ರ ಯುದ್ಧದಲ್ಲಿ ಭಾರತಕ್ಕೆ ಸೇರಿದ ಬಾಲ್ಟಿ ಜನರ ಹಳ್ಳಿ ಅದು. ಜುಲೈ ತಿಂಗಳಲ್ಲಿ ಅಲ್ಲಿನ ಏಪ್ರಿಕಾಟ್ ಮರಗಳಲ್ಲಿ ಹಣ್ಣಾಗಿರುತ್ತದೆ. ನುಬ್ರಾದಿಂದ ಲೇಹ್‌ಗೆ ಮರಳಿದ ಮೇಲೆ, ಅಷ್ಟರಲ್ಲಿ ಎಲ್ಲರೂ ಆರೋಗ್ಯದಿಂದಿದ್ದರೆ ಮಾತ್ರ, ಪಾಂಗಾಂಗ್‌ಗೆ ಒಂದು ರಾತ್ರಿ. ತಂದೆಯವರಿಗೆ ಆಯಾಸವೆನಿಸಿದರೆ ತಂದೆ-ತಾಯಿ ಇಬ್ಬರೂ ಲೇಹ್‌ನಲ್ಲಿಯೇ ಉಳಿಯಲಿ. ರಜೆ ಐದೇ ದಿನ ಎಂಬುದು ಖಚಿತವಾದರೆ ಪಾಂಗಾಂಗ್‌ ಅನ್ನು ಕೈಬಿಡಿ. ಬಹುಪಾಲು ಚೀನಾದ ಹಿಡಿತದಲ್ಲಿರುವ, 134 ಕಿಲೋಮೀಟರ್ ಉದ್ದದ ಆ ಸರೋವರದ ನೀಲಿ ಬಣ್ಣ ಸುಂದರ ನಿಜ; ಆದರೆ ತಲೆನೋವಿನಿಂದ ಕಣ್ಣು ಮುಚ್ಚಿ ಕಾರಿನಲ್ಲಿಯೇ ಕುಳಿತವರಿಗೆ ಆ ಬಣ್ಣ ದಕ್ಕುವುದಿಲ್ಲ.

ರಕ್ತದೊತ್ತಡ ಹತೋಟಿಯಲ್ಲಿದ್ದರೆ ಅದೊಂದೇ ಕಾರಣಕ್ಕೆ ಪ್ರವಾಸ ನಿಲ್ಲಿಸಬೇಕಾಗಿಲ್ಲ, ಆದರೆ ಮೊದಲ ಕೆಲವು ದಿನ ಒತ್ತಡ ಎಂದಿಗಿಂತ ಏರುವುದುಂಟು. ಹೊರಡುವ ಮೊದಲು ತಂದೆಯವರನ್ನು ಅವರ ಸ್ವಂತ ವೈದ್ಯರಿಗೆ ತೋರಿಸಿ, ಎಷ್ಟು ಎತ್ತರಕ್ಕೆ ಹೋಗುತ್ತೀರಿ ಎಂಬುದನ್ನು ಅಂಕಿಯಲ್ಲಿಯೇ ಹೇಳಿ ಒಪ್ಪಿಗೆ ಪಡೆಯಿರಿ. ಮಾತ್ರೆಗಳನ್ನು ಯಾವ ಕಾರಣಕ್ಕೂ ನಿಲ್ಲಿಸಬೇಡಿ. ಇತ್ತೀಚೆಗೆ ಹೃದಯಾಘಾತವಾದವರು, ವಿಶ್ರಾಂತಿಯಲ್ಲಿಯೂ ಎದೆನೋವು ಕಾಣಿಸಿಕೊಳ್ಳುವವರು, ಶ್ವಾಸಕೋಶದ ತೀವ್ರ ಕಾಯಿಲೆಯಿರುವವರು ಈ ಪ್ರವಾಸದ ಆಸೆಯನ್ನು ಬಿಡುವುದು ಲೇಸು.

ಪ್ರಶ್ನೆ: ಡಯಾಮಾಕ್ಸ್ ಮಾತ್ರೆ ತೆಗೆದುಕೊಂಡರೆ ಎತ್ತರದ ಕಾಯಿಲೆ ಬರುವುದೇ ಇಲ್ಲ ಎಂದು ಗೆಳೆಯರು ಹೇಳುತ್ತಾರೆ. ಮನೆಯಲ್ಲಿ ಹಿರಿಯರು ಕರ್ಪೂರವನ್ನು ಬಟ್ಟೆಯಲ್ಲಿ ಕಟ್ಟಿ ಮೂಸುತ್ತಿರಬೇಕು ಎನ್ನುತ್ತಾರೆ. ಆಮ್ಲಜನಕದ ಡಬ್ಬಗಳನ್ನು ಇಲ್ಲಿಂದಲೇ ಒಯ್ಯಬೇಕೇ?
(ಓದುಗರು, ಸುರತ್ಕಲ್)

ಉತ್ತರ: ಡಯಾಮಾಕ್ಸ್ ಎಂಬ ಹೆಸರಿನಲ್ಲಿ ಸಿಗುವ ಅಸಿಟಜೋಲಮೈಡ್, ದೇಹ ಹೊಂದಿಕೊಳ್ಳುವ ಕೆಲಸವನ್ನು ಚುರುಕುಗೊಳಿಸುತ್ತದೆ, ಬರುವ ಸಂಭವವನ್ನು ತಗ್ಗಿಸುತ್ತದೆಯೇ ಹೊರತು ಬಾರದಂತೆ ಖಾತರಿ ಕೊಡುವುದಿಲ್ಲ. ತಡೆಗಟ್ಟುವ ಉದ್ದೇಶಕ್ಕೆ ವೈದ್ಯರು ವಯಸ್ಕರಿಗೆ ಸಾಮಾನ್ಯವಾಗಿ ಬರೆದುಕೊಡುವುದು 125 ಮಿಲಿಗ್ರಾಂ, ದಿನಕ್ಕೆ ಎರಡು ಬಾರಿ, ಏರುವುದಕ್ಕೆ ಒಂದು ದಿನ ಮೊದಲಿನಿಂದ. ಅಂಗಡಿಯಲ್ಲಿ ಸಿಗುವುದು ಹೆಚ್ಚಾಗಿ 250ರ ಮಾತ್ರೆಯಾದ್ದರಿಂದ ಅರ್ಧ ಮಾಡಬೇಕಾಗುತ್ತದೆ. ಸಲ್ಫಾ ಔಷಧಿಗಳಿಗೆ ಅಲರ್ಜಿ ಇರುವವರು ಅದನ್ನು ವೈದ್ಯರಿಗೆ ತಪ್ಪದೆ ತಿಳಿಸಬೇಕು. ಬೆರಳ ತುದಿಗಳಲ್ಲಿ ಜೋಮು ಹಿಡಿದಂತಾಗುವುದು, ಮೂತ್ರ ಹೆಚ್ಚುವುದು ಈ ಮಾತ್ರೆಯ ಸಾಮಾನ್ಯ ಪರಿಣಾಮಗಳು. ಇವನ್ನು ಮೊದಲೇ ತಿಳಿದಿದ್ದರೆ ಅಲ್ಲಿ ಹೋಗಿ ಗಾಬರಿಯಾಗುವುದು ತಪ್ಪುತ್ತದೆ. ಮದ್ಯ ಮತ್ತು ನಿದ್ರೆಮಾತ್ರೆಗಳು ರಾತ್ರಿಯ ಉಸಿರಾಟವನ್ನು ಕುಗ್ಗಿಸುವುದರಿಂದ ಮೊದಲ ದಿನಗಳಲ್ಲಿ ಅವೆರಡೂ ವರ್ಜ್ಯ.

ಕರ್ಪೂರ ಮೂಸಿದರೆ ಮೂಗಿನಲ್ಲಿ ತಣ್ಣನೆಯ ಅನುಭವವಾಗಿ ಉಸಿರು ಸಲೀಸಾದಂತೆ ಅನಿಸುತ್ತದೆ, ಅಷ್ಟೇ. ರಕ್ತದ ಆಮ್ಲಜನಕ ಅದರಿಂದ ಏರುವುದಿಲ್ಲ. ಹಿರಿಯರ ಸಮಾಧಾನಕ್ಕೆ ಬೇಕಿದ್ದರೆ ಒಂದು ಗಂಟು ಇರಲಿ, ಆದರೆ ಸಣ್ಣ ಮಕ್ಕಳ ಕೈಗೆ ಸಿಗದಂತೆ ನೋಡಿಕೊಳ್ಳಿ, ನುಂಗಿದರೆ ಅದು ವಿಷ. ಆಮ್ಲಜನಕದ ಡಬ್ಬಗಳನ್ನು ವಿಮಾನದಲ್ಲಿ ಒಯ್ಯಲು ಬಿಡುವುದಿಲ್ಲ. ಲೇಹ್‌ನ ಔಷಧದಂಗಡಿಗಳಲ್ಲಿ ಅವು ಸಿಗುತ್ತವೆ. ಹತ್ತು ಲೀಟರಿನ ಡಬ್ಬದಿಂದ ನಿಮಿಷಕ್ಕೆ ಎರಡು ಲೀಟರಿನಂತೆ ಬಿಟ್ಟರೆ ಐದೇ ನಿಮಿಷದಲ್ಲಿ ಅದು ಬರಿದಾಗುತ್ತದೆ ಎಂಬ ಲೆಕ್ಕ ಗೊತ್ತಿದ್ದರೆ, ಅದರ ಭರವಸೆಯ ಮೇಲೆ ಯಾರೂ ಘಾಟಿಯ ತುದಿಯಲ್ಲಿ ಕಾಲಹರಣ ಮಾಡಲಾರರು.

ಬೆರಳಿಗೆ ಸಿಕ್ಕಿಸುವ ಆಕ್ಸಿಮೀಟರನ್ನು ಕೋವಿಡ್ ಕಾಲದಲ್ಲಿ ಕೊಂಡವರು ಒಯ್ಯಬಹುದು, ಆದರೆ ಇಲ್ಲಿನ 97, 98ರ ಅಳತೆಯನ್ನು ಅಲ್ಲಿ ನಿರೀಕ್ಷಿಸಬಾರದು. ಮೊದಲ ದಿನ ಲೇಹ್‌ನಲ್ಲಿ ಆರೋಗ್ಯವಂತರಿಗೂ 90ಕ್ಕಿಂತ ಕೆಳಗಿನ ಅಂಕಿ ಕಾಣುವುದು ಅಪರೂಪವಲ್ಲ. ಬೆರಳು ತಣ್ಣಗಿದ್ದರೆ ಅಥವಾ ಉಗುರಿಗೆ ಬಣ್ಣ ಹಚ್ಚಿದ್ದರೆ ಅಂಕಿ ಇನ್ನೂ ಸುಳ್ಳು ಹೇಳುತ್ತದೆ. ಕೈ ಉಜ್ಜಿ ಬೆಚ್ಚಗೆ ಮಾಡಿಕೊಂಡು, ಐದು ನಿಮಿಷ ಕುಳಿತು, ಆಮೇಲೆ ನೋಡಬೇಕು. ಯಂತ್ರಕ್ಕಿಂತ ಮುಖ್ಯವಾದವು ಲಕ್ಷಣಗಳು. ಬರಿ ತಲೆನೋವಾದರೆ ಅಲ್ಲಿಯೇ ವಿಶ್ರಾಂತಿ ಪಡೆಯಬಹುದು, ಮೇಲಕ್ಕೆ ಮಾತ್ರ ಹೋಗಕೂಡದು. ಸುಮ್ಮನೆ ಕುಳಿತಾಗಲೂ ಏದುಸಿರು, ಬಿಡದ ಕೆಮ್ಮು, ಗುಲಾಬಿ ಬಣ್ಣದ ಕಫ ಕಂಡರೆ ಶ್ವಾಸಕೋಶದಲ್ಲಿ ನೀರು ತುಂಬುತ್ತಿದೆ ಎಂದು ತಿಳಿಯಬೇಕು. ಒಂದು ಪಾದದ ತುದಿಗೆ ಇನ್ನೊಂದರ ಹಿಮ್ಮಡಿ ತಾಗಿಸಿ ನೇರ ಗೆರೆಯಲ್ಲಿ ನಡೆಯಲು ಹೇಳಿದಾಗ ತೂರಾಡಿದರೆ, ಮಾತು ತೊದಲಿದರೆ, ಮಿದುಳು ಊದಿಕೊಂಡಿರುವ ಸೂಚನೆ. ಈ ಎರಡರಲ್ಲಿಯೂ ಬೆಳಗಾಗಲಿ ಎಂದು ಕಾಯುವಂತಿಲ್ಲ. ಆ ಗಳಿಗೆಯಲ್ಲಿಯೇ ಕೆಳಗಿಳಿಸಿ ಆಸ್ಪತ್ರೆಗೆ ಸೇರಿಸಬೇಕು. ಲೇಹ್‌ನ ಸೋನಂ ನೋರ್ಬೂ ಸ್ಮಾರಕ ಆಸ್ಪತ್ರೆಯ ವೈದ್ಯರಿಗೆ ಇದು ನಿತ್ಯದ ಕೆಲಸ, ಸಂಕೋಚ ಬೇಡ.

ಪ್ರಶ್ನೆ: ನಾವಿಬ್ಬರೂ ಶಾಲಾ ಶಿಕ್ಷಕರು. ಏಪ್ರಿಲ್-ಮೇ ರಜೆ ಅಥವಾ ದಸರಾ ರಜೆ ಬಿಟ್ಟರೆ ಬೇರೆ ದಾರಿಯಿಲ್ಲ. ಯಾವುದು ವಾಸಿ?
(ಓದುಗರು, ಕಾರ್ಕಳ)

ಉತ್ತರ: ದಸರಾ ರಜೆ, ಅನುಮಾನವಿಲ್ಲದೆ. ಏಪ್ರಿಲ್ ನಡುಭಾಗದಲ್ಲಿ ತಗ್ಗಿನ ಹಳ್ಳಿಗಳಲ್ಲಿ ಏಪ್ರಿಕಾಟ್ ಹೂ ಬಿಡುವುದನ್ನು ನೋಡಲೆಂದೇ ಹೋಗುವವರಿದ್ದಾರೆ, ಅದೊಂದು ಸೊಗಸೇ. ಆದರೆ ಆಗ ಎತ್ತರದ ಘಾಟಿಗಳಲ್ಲಿ ಹಿಮ ಕರಗಿರುವುದಿಲ್ಲ, ಮನಾಲಿಯ ರಸ್ತೆ ತೆರೆಯುವುದು ಸಾಮಾನ್ಯವಾಗಿ ಮೇ ತಿಂಗಳಲ್ಲಿ. ಸೆಪ್ಟೆಂಬರ್ ಕೊನೆಯಿಂದ ಅಕ್ಟೋಬರ್ ಎರಡನೆಯ ವಾರದವರೆಗೆ ಆಕಾಶ ತಿಳಿಯಾಗಿರುತ್ತದೆ, ಪಾಪ್ಲರ್ ಮತ್ತು ವಿಲೋ ಮರಗಳು ಅರಿಸಿನ ಬಣ್ಣಕ್ಕೆ ತಿರುಗಿರುತ್ತವೆ, ಜನಸಂದಣಿ ಇಳಿದಿರುತ್ತದೆ. ಪಾಂಗಾಂಗ್‌ನ ಡೇರೆಗಳನ್ನು ಆ ವೇಳೆಗೆ ಒಂದೊಂದಾಗಿ ಕಳಚುತ್ತಿರುತ್ತಾರೆ, ರಾತ್ರಿ ನೀರು ಹೆಪ್ಪುಗಟ್ಟುವಷ್ಟು ಚಳಿ. ಅಲ್ಲಿ ಉಳಿಯುವುದಾದರೆ ಗಟ್ಟಿ ಗೋಡೆಯ ಹೋಂಸ್ಟೇಯನ್ನೇ ಹುಡುಕಿ.

ಜುಲೈ-ಆಗಸ್ಟ್‌ನಲ್ಲಿ ಹೋಗುವ ಉಳಿದ ಓದುಗರಿಗೆ ಒಂದು ಮಾತು. ವರ್ಷಕ್ಕೆ ನಾಲ್ಕು ಸಾವಿರ ಮಿಲಿಮೀಟರಿನ ಆಸುಪಾಸು ಮಳೆ ಕಾಣುವ ನಮಗೆ, ವರ್ಷವಿಡೀ ನೂರು ಮಿಲಿಮೀಟರ್ ಬಂದರೆ ಹೆಚ್ಚೆನ್ನುವ ಲೇಹ್ ಮರುಭೂಮಿಯೇ ಸರಿ. ಆದರೆ ಮಳೆಗೆಂದು ಕಟ್ಟಿರದ ಊರಿನಲ್ಲಿ, ಹುಲ್ಲುಕಡ್ಡಿಯಿಲ್ಲದ ಬೆಟ್ಟಗಳ ಕೆಳಗೆ, ಸ್ವಲ್ಪ ಮಳೆಯೂ ದೊಡ್ಡ ಅನಾಹುತ ಮಾಡಬಲ್ಲದು. 2010ರ ಆಗಸ್ಟ್‌ನಲ್ಲಿ ಮೇಘಸ್ಫೋಟದಿಂದ ನುಗ್ಗಿದ ಕೆಸರಿನ ಪ್ರವಾಹದಲ್ಲಿ ಲೇಹ್ ಮತ್ತು ಸುತ್ತಲಿನ ಹಳ್ಳಿಗಳಲ್ಲಿ ಬಹಳ ಸಾವುನೋವಾಯಿತು. ಹವಾಮಾನದ ಮುನ್ನೆಚ್ಚರಿಕೆ ಇದ್ದ ದಿನ ತೊರೆಯ ಪಕ್ಕದ ಡೇರೆಯಲ್ಲಿ ಮಲಗಬೇಡಿ.

ಲೇಹ್‌ನಿಂದ ವಿಮಾನಗಳು ಬಹುತೇಕ ಬೆಳಗಿನ ಹೊತ್ತು ಹಾರುತ್ತವೆ. ಮಧ್ಯಾಹ್ನವಾದಂತೆ ಕಣಿವೆಯಲ್ಲಿ ಗಾಳಿ ಬಿರುಸಾಗುತ್ತದೆ, ತೆಳು ಗಾಳಿ ಬಿಸಿಯಾಗಿ ಇನ್ನೂ ತೆಳುವಾಗುತ್ತದೆ. ಹವೆ ಕೆಟ್ಟರೆ ಆ ದಿನದ ವಿಮಾನವೇ ರದ್ದಾಗುವುದುಂಟು. ಆದ್ದರಿಂದ ದಿಲ್ಲಿಯಿಂದ ಮಂಗಳೂರಿಗೆ ಬೇರೆ ಟಿಕೆಟ್ ಮಾಡಿಸುವವರು ಅದನ್ನು ಅದೇ ದಿನಕ್ಕೆ ಮಾಡಿಸಬಾರದು, ನಡುವೆ ಒಂದು ದಿನವನ್ನು ಖಾಲಿ ಬಿಡಬೇಕು. ಶಾಲೆ ಆರಂಭವಾಗುವ ಮುನ್ನಾದಿನ ಬಜಪೆಯಲ್ಲಿ ಇಳಿಯುವ ಲೆಕ್ಕಾಚಾರ ಬೇಡ.

ಪ್ರಶ್ನೆ: ಬ್ಯಾಂಕಿನಿಂದ ನಿವೃತ್ತರಾದ ನಾವು ನಾಲ್ವರು ಸ್ನೇಹಿತರಿಗೆ ಸಮಯಕ್ಕೆ ಕೊರತೆಯಿಲ್ಲ. ಸ್ವಂತ ಕಾರಿನಲ್ಲಿ ಹೋಗುವುದೋ, ರೈಲಿನಲ್ಲಿ ಆದಷ್ಟು ದೂರ ಹೋಗಿ ಮುಂದೆ ಟ್ಯಾಕ್ಸಿ ಹಿಡಿಯುವುದೋ ಎಂಬ ಚರ್ಚೆ ನಡೆದಿದೆ. ಮನಾಲಿಯ ದಾರಿ ಚೆಂದ ಎಂದು ಇಬ್ಬರು, ಶ್ರೀನಗರದ ದಾರಿ ಎಂದು ಇಬ್ಬರು.
(ಓದುಗರು, ಕದ್ರಿ, ಮಂಗಳೂರು)

ಉತ್ತರ: ಇಬ್ಬರದೂ ನಡೆಯಲಿ: ಹೋಗುವಾಗ ಶ್ರೀನಗರ, ಬರುವಾಗ ಮನಾಲಿ. ಈ ಕ್ರಮವನ್ನು ಮಾತ್ರ ಅದಲುಬದಲು ಮಾಡಬೇಡಿ. ಶ್ರೀನಗರದಿಂದ ಹೊರಟವರು 1,585 ಮೀಟರಿನಲ್ಲಿ ಒಂದು ರಾತ್ರಿ, 2,676 ಮೀಟರಿನ ಕಾರ್ಗಿಲ್‌ನಲ್ಲಿ ಎರಡು ರಾತ್ರಿ, ಆಲ್ಚಿಯಲ್ಲಿ ಒಂದು ರಾತ್ರಿ ಕಳೆದು ಮೆಟ್ಟಿಲು ಮೆಟ್ಟಿಲಾಗಿ ಲೇಹ್ ಸೇರುತ್ತಾರೆ. 3,528 ಮೀಟರಿನ ಝೋಜಿ ಲಾ, 4,108 ಮೀಟರಿನ ಫೋತು ಲಾ ಹಗಲಿನಲ್ಲಿಯೇ ದಾಟಿಹೋಗುತ್ತವೆ. ದ್ರಾಸ್‌ನಲ್ಲಿ 1999ರ ಯುದ್ಧದ ಸ್ಮಾರಕದ ಮುಂದೆ, ಯಾವ ಶಿಖರಗಳಿಗಾಗಿ ಹೋರಾಟ ನಡೆಯಿತೋ ಅವು ಕಣ್ಣೆದುರೇ ನಿಂತಿರುತ್ತವೆ. ಅಲ್ಲಿ ಒಂದು ಗಂಟೆಯನ್ನಾದರೂ ಇಟ್ಟುಕೊಳ್ಳಿ. ಮನಾಲಿಯಿಂದ ಹೊರಟರೆ 2020ರಲ್ಲಿ ತೆರೆದ ಅಟಲ್ ಸುರಂಗದಿಂದಾಗಿ ಮೊದಲ ದಿನ ಸುಗಮವಾಗಿಯೇ ಸಾಗುತ್ತದೆ, ಎರಡನೆಯ ರಾತ್ರಿಗೆ ಬಹಳ ಮಂದಿ ತಂಗುವುದು 4,290 ಮೀಟರಿನ ಸರ್ಚುವಿನಲ್ಲಿ. ಅಲ್ಲಿನ ರಾತ್ರಿಯ ತಲೆನೋವು ಆ ದಾರಿಯಲ್ಲಿ ಹೋದವರೆಲ್ಲರಿಗೂ ಗೊತ್ತಿರುವ ವಿಷಯ. ಮರಳುವಾಗ ದೇಹ ಎತ್ತರಕ್ಕೆ ಒಗ್ಗಿರುವುದರಿಂದ ಅದೇ ಸರ್ಚು ಏನೂ ಮಾಡದು, 5,328 ಮೀಟರಿನ ತಂಗ್ಲಂಗ್ ಲಾವನ್ನೂ ನಿಂತು ನೋಡಬಹುದು.

ಕಾರಿನಲ್ಲಿಯಾದರೆ ಮಂಗಳೂರಿನಿಂದ ಒಂದು ಕಡೆಗೇ ಮೂರು ಸಾವಿರ ಕಿಲೋಮೀಟರಿಗೂ ಹೆಚ್ಚು. ನಿವೃತ್ತರ ಬೆನ್ನಿಗೆ ಅದು ಹಿತವೇ ಎಂಬುದನ್ನು ನೀವೇ ತೀರ್ಮಾನಿಸಬೇಕು. ನಮ್ಮ ಒಲವು ರೈಲಿನ ಕಡೆಗೆ. ಮಂಗಳೂರು ಸೆಂಟ್ರಲ್‌ನಿಂದ ಕಟ್ರಾಕ್ಕೆ ವಾರಕ್ಕೊಮ್ಮೆಯ ನವಯುಗ್ ಎಕ್ಸ್‌ಪ್ರೆಸ್ ಇದೆ, ದೇಶದ ಉದ್ದಕ್ಕೂ ಸಾಗುವ ರೈಲು. ಬೇಡವೆನಿಸಿದರೆ ಕೊಂಕಣ ರೈಲಿನಲ್ಲಿ ದಿಲ್ಲಿಗೆ ಹೋಗಿ ಮುಂದಿನದನ್ನು ಹಿಡಿಯಬಹುದು. ಕಟ್ರಾದಿಂದ ಶ್ರೀನಗರಕ್ಕೆ 2025ರ ಜೂನ್‌ನಿಂದ ವಂದೇ ಭಾರತ್ ಓಡುತ್ತಿದೆ, ನದಿಯಿಂದ 359 ಮೀಟರ್ ಎತ್ತರದ ಚೆನಾಬ್ ಸೇತುವೆಯನ್ನು ದಾಟುವುದು ಈ ಮಾರ್ಗದಲ್ಲಿಯೇ. ಹೊರಡುವ ಮೊದಲು ವೇಳಾಪಟ್ಟಿಯನ್ನು ನೋಡಿಕೊಳ್ಳಿ, ಆ ಭಾಗದಲ್ಲಿ ಬದಲಾವಣೆಗಳು ಆಗುತ್ತಿರುತ್ತವೆ. ಶ್ರೀನಗರದ ಟ್ಯಾಕ್ಸಿ ನಿಮ್ಮನ್ನು ಲೇಹ್‌ಗೆ ಮುಟ್ಟಿಸುತ್ತದೆ, ಆದರೆ ಅದೇ ಗಾಡಿಯಲ್ಲಿ ನುಬ್ರಾ, ಪಾಂಗಾಂಗ್ ಸುತ್ತಲು ಸ್ಥಳೀಯ ಟ್ಯಾಕ್ಸಿ ಸಂಘದವರು ಬಿಡುವುದಿಲ್ಲ. ಅಲ್ಲಿಗೆ ಅಲ್ಲಿಯದೇ ಗಾಡಿ.

ಸ್ವಂತ ಕಾರೇ ಎಂದಾದರೆ ಎರಡು ಸೂಚನೆ. ಮನಾಲಿ ರಸ್ತೆಯಲ್ಲಿ ಟಾಂಡಿ ಬಿಟ್ಟ ಮೇಲೆ ಲೇಹ್ ಸಮೀಪದ ಕಾರು ಎಂಬ ಊರಿನವರೆಗೆ ಮುನ್ನೂರು ಕಿಲೋಮೀಟರಿಗೂ ಹೆಚ್ಚು ದೂರ ಪೆಟ್ರೋಲ್ ಬಂಕನ್ನು ನಂಬಿಕೊಂಡು ಹೋಗುವಂತಿಲ್ಲ. ದಿನವೂ ನಸುಕಿನಲ್ಲಿ ಹೊರಡಿ: ಬಿಸಿಲೇರಿದಂತೆ ಮೇಲಿನ ಹಿಮ ಕರಗಿ, ಬೆಳಿಗ್ಗೆ ಪಾದ ಮುಳುಗುವಷ್ಟಿದ್ದ ನೀರು ಮಧ್ಯಾಹ್ನದ ಹೊತ್ತಿಗೆ ರಸ್ತೆಗೆ ಅಡ್ಡವಾಗಿ ಮೊಣಕಾಲು ಮಟ್ಟಕ್ಕೆ ಹರಿಯುತ್ತಿರುತ್ತದೆ.

ಪ್ರಶ್ನೆ: ನಕ್ಷತ್ರ ವೀಕ್ಷಣೆಯ ಹವ್ಯಾಸವಿರುವ ವಿದ್ಯಾರ್ಥಿಗಳು ನಾವು. ಹಾನ್ಲೆಗೆ ಹೋಗುವುದು ಕಷ್ಟವೇ?
(ಓದುಗರು, ಮಣಿಪಾಲ)

ಉತ್ತರ: ದೂರವಿದೆ, ಎತ್ತರವಿದೆ, ಆದರೆ ಹೋಗತಕ್ಕ ಜಾಗ. ಲೇಹ್‌ನಿಂದ ಆಗ್ನೇಯಕ್ಕೆ ಇನ್ನೂರೈವತ್ತು ಕಿಲೋಮೀಟರಿನಷ್ಟು ದೂರದ ಈ ಹಳ್ಳಿಯ ಪಕ್ಕದ ಗುಡ್ಡದ ಮೇಲೆ, 4,500 ಮೀಟರ್ ಎತ್ತರದಲ್ಲಿ, ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆಯ ವೀಕ್ಷಣಾಲಯವಿದೆ. ಅಲ್ಲಿನ ಎರಡು ಮೀಟರ್ ವ್ಯಾಸದ ಹಿಮಾಲಯನ್ ಚಂದ್ರ ದೂರದರ್ಶಕವನ್ನು ಉಪಗ್ರಹ ಸಂಪರ್ಕದ ಮೂಲಕ ನಡೆಸುವುದು ನಮ್ಮ ಹೊಸಕೋಟೆಯಿಂದ ಎಂಬುದು ಇಲ್ಲಿ ಹಲವರಿಗೆ ತಿಳಿಯದು. ಸುತ್ತಲಿನ ಪ್ರದೇಶವನ್ನು 2022ರಲ್ಲಿ ಕತ್ತಲ ಆಕಾಶದ ಸಂರಕ್ಷಿತ ವಲಯವೆಂದು ಘೋಷಿಸಲಾಗಿದ್ದು, ಹಳ್ಳಿಯ ಯುವಕ ಯುವತಿಯರಿಗೆ ದೂರದರ್ಶಕ ಕೊಟ್ಟು ತರಬೇತಿ ನೀಡಲಾಗಿದೆ. ಅವರ ಮನೆಯಲ್ಲಿಯೇ ಉಳಿದು ಅವರಿಂದಲೇ ಆಕಾಶ ನೋಡುವುದು ಒಳ್ಳೆಯ ಕ್ರಮ.

ದಿನಾಂಕವನ್ನು ಪಂಚಾಂಗ ನೋಡಿ ಗೊತ್ತುಮಾಡಿ. ಅಮಾವಾಸ್ಯೆಯ ಹಿಂದೆ ಮುಂದೆ ನಾಲ್ಕು ದಿನಗಳಲ್ಲಿ ಹೋದರೆ ಕ್ಷೀರಪಥ ಕಾಣುತ್ತದೆ. ಹುಣ್ಣಿಮೆಯ ಹೊತ್ತಿಗೆ ಹೋದವರು ಬೆಳದಿಂಗಳನ್ನು ನೋಡಿ ಬರಬೇಕಾಗುತ್ತದೆ. ಲೇಹ್ ಸೀಮೆಯಲ್ಲಿ ಕನಿಷ್ಠ ನಾಲ್ಕೈದು ರಾತ್ರಿ ಕಳೆದ ಮೇಲೆಯೇ ಹಾನ್ಲೆಯ ರಾತ್ರಿ. ಹುಡುಗರಾದ್ದರಿಂದ ಆಗುತ್ತದೆ ಎಂಬ ಹುಂಬತನ ಬೇಡ. ಬಿಳಿಯ ಟಾರ್ಚ್ ಬಿಟ್ಟು ಕೆಂಪು ಬೆಳಕಿನದನ್ನು ಒಯ್ಯಿರಿ. ಚಳಿಗೆ ಮೊಬೈಲ್ ಮತ್ತು ಕ್ಯಾಮೆರಾದ ಬ್ಯಾಟರಿಗಳು ಬೇಗ ಸೋಲುವುದರಿಂದ ಅವನ್ನು ಅಂಗಿಯ ಒಳಜೇಬಿನಲ್ಲಿ ಮೈಗೆ ತಾಗುವಂತೆ ಇಟ್ಟುಕೊಳ್ಳಬೇಕು.

ಪ್ರಶ್ನೆ: ನಮ್ಮದು ಶುದ್ಧ ಸಸ್ಯಾಹಾರ. ಅಡುಗೆ ಸಾಮಗ್ರಿ ಒಯ್ಯಬೇಕೇ?
(ಓದುಗರು, ಕುಂದಾಪುರ)

ಉತ್ತರ: ಲೇಹ್‌ನಲ್ಲಿ ಅನ್ನ, ದಾಲ್, ರೊಟ್ಟಿ, ತರಕಾರಿ ಹಾಕಿದ ಥುಕ್ಪಾ ಎಲ್ಲವೂ ಸಿಗುತ್ತವೆ, ಥುಕ್ಪಾದ ನೀರು ಮಾಂಸ ಬೇಯಿಸಿದ್ದೋ ಎಂದು ಒಂದು ಮಾತು ಕೇಳಿಕೊಂಡರೆ ಸಾಕು. ಹಳ್ಳಿಗಳಲ್ಲಿ ಹಿಟ್ಟಿನ ಬಿಲ್ಲೆಗಳನ್ನು ತರಕಾರಿಯ ಜೊತೆ ಬೇಯಿಸುವ ಸ್ಕ್ಯೂ ರುಚಿಯಾದ ಊಟ. ಕುಚ್ಚಲಕ್ಕಿಯನ್ನು ಮಾತ್ರ ಒಯ್ಯಬೇಡಿ. ಲೇಹ್‌ನಲ್ಲಿ ನೀರು ಸುಮಾರು 88 ಡಿಗ್ರಿಗೇ ಕುದಿಯುತ್ತದೆ, ಪಾಂಗಾಂಗ್‌ನಲ್ಲಿ ಇನ್ನೂ ಕಡಿಮೆಗೆ. ತೆರೆದ ಪಾತ್ರೆಯಲ್ಲಿ ಎಷ್ಟು ಹೊತ್ತು ಕುದಿಸಿದರೂ ಅಕ್ಕಿಯ ಗಂಟು ಉಳಿದೇ ಇರುತ್ತದೆ. ಅಲ್ಲಿನ ಪ್ರತಿ ಅಡುಗೆಮನೆಯಲ್ಲಿ ಪ್ರೆಶರ್ ಕುಕ್ಕರ್ ಸೀಟಿ ಹೊಡೆಯುವುದು ಇದೇ ಕಾರಣಕ್ಕೆ. ಅವಲಕ್ಕಿ, ಹುರಿಹಿಟ್ಟು, ಚಟ್ನಿಹುಡಿ ಇದ್ದರೆ ದಾರಿಯಲ್ಲಿ ರಸ್ತೆ ಮುಚ್ಚಿ ಕಾಯಬೇಕಾದಾಗ ಉಪಯೋಗಕ್ಕೆ ಬರುತ್ತವೆ. ಇಲ್ಲಿ ಸೀಲು ಮಾಡಿದ ಪೊಟ್ಟಣಗಳು ಅಲ್ಲಿ ಬಲೂನಿನಂತೆ ಉಬ್ಬುತ್ತವೆ. ಉಪ್ಪಿನಕಾಯಿಯ ಬಾಟಲಿಯ ಮುಚ್ಚಳವನ್ನು ನಿಧಾನವಾಗಿ, ಬಟ್ಟೆಬರೆಯಿಂದ ದೂರ ಹಿಡಿದು ತೆರೆಯಿರಿ. ತೆಂಗಿನೆಣ್ಣೆ ಗಟ್ಟಿಯಾಗಿ ಬಾಟಲಿಯಿಂದ ಬಾರದು, ಅಗಲ ಬಾಯಿಯ ಡಬ್ಬಿಯಲ್ಲಿ ಒಯ್ಯುವುದು ಜಾಣತನ. ಒಣಹವೆಗೆ ತುಟಿ, ಮೂಗು ಬಿರಿಯುವ ನಮ್ಮ ಕರಾವಳಿಯ ಚರ್ಮಕ್ಕೆ ಅದು ಬೇಕೇ ಬೇಕು.

ಪ್ರಶ್ನೆ: ಮೊಬೈಲ್, ಹಣ, ಪರವಾನಿಗೆಯ ವ್ಯವಸ್ಥೆ ಹೇಗೆ?
(ಓದುಗರು, ಮೂಲ್ಕಿ ಮತ್ತು ಬ್ರಹ್ಮಾವರ)

ಉತ್ತರ: ಹೊರರಾಜ್ಯದ ಪ್ರಿಪೇಯ್ಡ್ ಸಿಮ್ ಲಡಾಖ್‌ನಲ್ಲಿ ಕೆಲಸ ಮಾಡುವುದಿಲ್ಲ, ಗುಂಪಿನಲ್ಲಿ ಕನಿಷ್ಠ ಇಬ್ಬರ ಬಳಿ, ಬೇರೆ ಬೇರೆ ಕಂಪನಿಗಳ ಪೋಸ್ಟ್‌ಪೇಯ್ಡ್ ಸಿಮ್ ಇರಲಿ. ಲೇಹ್ ಬಿಟ್ಟ ಮೇಲೆ ಎಟಿಎಂ ವಿರಳ, ಇದ್ದಲ್ಲಿಯೂ ಸಂಪರ್ಕ ಕಡಿದಿರಬಹುದು, ಆದ್ದರಿಂದ ನಗದು ಬೇಕು. ಭಾರತೀಯ ಪ್ರವಾಸಿಗಳು ಗಡಿ ಭಾಗಗಳಿಗೆ ಹೋಗುವ ಮೊದಲು ಪರಿಸರ ಶುಲ್ಕ ಮೊದಲಾದವನ್ನು ಆನ್‌ಲೈನ್‌ನಲ್ಲಿ ಕಟ್ಟಿ ರಸೀದಿ ಪಡೆಯಬೇಕಾಗುತ್ತದೆ; ಅದರ ಮತ್ತು ಆಧಾರ್‌ನ ಪ್ರತಿಗಳನ್ನು ನಾಲ್ಕೈದು ಇಟ್ಟುಕೊಂಡರೆ ತಪಾಸಣಾ ಠಾಣೆಗಳಲ್ಲಿ ಕೊಡಲು ಅನುಕೂಲ. ಗಡಿ ಪರಿಸ್ಥಿತಿ ಮತ್ತು ಸ್ಥಳೀಯ ಬೆಳವಣಿಗೆಗಳನ್ನು ನೋಡಿಕೊಂಡು ಆಡಳಿತ ಕೆಲವು ರಸ್ತೆಗಳನ್ನು ಹಠಾತ್ತನೆ ಮುಚ್ಚುವುದರಿಂದ, ಹೊರಡುವ ವಾರದಲ್ಲಿ ಲೇಹ್ ಜಿಲ್ಲಾಡಳಿತದ ಪ್ರಕಟಣೆಗಳನ್ನು ಒಮ್ಮೆ ನೋಡಿ, ಮುಂಗಡ ಕೊಟ್ಟ ಹೋಂಸ್ಟೇಯವರಿಗೆ ಫೋನ್ ಮಾಡಿ ರಸ್ತೆ ತೆರೆದಿದೆಯೇ ಎಂದು ಕೇಳಿಕೊಳ್ಳಿ.